ಬರೀ ಒಳ್ಳೆಯವರು

ಆ ಊರಿಗೆ ಒಂದು ಹೆಸರಿತ್ತು. ಹೆಸರಿನ ಮುಂದೆ ಹೊಗಳಿಕೆಯನ್ನು ಪೋಣಿಸುತ್ತಾ ಪೋಣಿಸುತ್ತಾ, ಹೆಸರಿನ ಹತ್ತಿರ ಬರುವಷ್ಟರಲ್ಲಿ ಹೇಳುವವನ ಉಸಿರು ಮುಗಿಯುತ್ತಿತ್ತು. ಹಾಗಾಗಿ ಅದೇನೆಂದು ಈಗ ಯಾರಿಗೂ ಗೊತ್ತಿಲ್ಲ. ತುಂಬಾ ದೊಡ್ಡ, ತುಂಬಾ ಹಳೆಯ, ತುಂಬಾ ಪುಣ್ಯದ ಎಂಬಷ್ಟು ಉಳಿದಿದೆ. ನಾವು ಅದನ್ನು ಊರು ಎಂದೇ ಕರೆಯೋಣ.

ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ಗುಣ ಹೇಳುವ ಯಾವ ಮಾತೂ ಒಂಟಿಯಾಗಿ ಬಾಯಿಂದ ಹೊರಡಕೂಡದು. ಧಣಿಯ ಮುಂದೆ ದೀವಟಿಗೆಯವನು ನಡೆಯುವ ಹಾಗೆ ಅದರ ಮುಂದೆ ‘ತುಂಬಾ’ ಎಂಬ ಮಾತು ನಡೆಯಬೇಕು. ಹಾಲು ಬೆಳ್ಳಗಿದೆ ಎಂದರೆ ಹಾಲಿನವಳಿಗೆ ಅವಮಾನ. ಹಾಲು ತುಂಬಾ ಬೆಳ್ಳಗಿರಬೇಕು. ಮಗು ಮುದ್ದಾಗಿದೆ ಎಂದರೆ ಮಗುವಿನ ತಾಯಿ ಮಾತು ಬಿಡುತ್ತಿದ್ದಳು. ಬಿಸಿಲು ಚುರುಕಾಗಿದೆ ಎಂದವನನ್ನು ನೆರೆಯವರು ಮರುಕದಿಂದ ನೋಡುತ್ತಿದ್ದರು, ಪಾಪ, ಮೈಯಲ್ಲಿ ಶಕ್ತಿಯಿಲ್ಲವೇನೋ ಎಂದು.

ಆ ಮಾತು ಮೊದಲು ಹೀಗಿರಲಿಲ್ಲ. ಊರು ಇನ್ನೂ ಊರಾಗದ ಕಾಲದಲ್ಲಿ, ಜನ ಹೊಳೆ ದಾಟುವ ಜಾಗದಲ್ಲಿ ಒಂದು ಗುಡಿಸಲಿತ್ತು. ಗುಡಿಸಲಿನಲ್ಲಿ ಒಬ್ಬ ಮುದುಕಿ ದಾರಿಹೋಕರಿಗೆ ಗಂಜಿ ಕೊಡುತ್ತಿದ್ದಳು. ಬಡಿಸುವ ಸೊಸೆಗೆ “ತುಂಬ ಹಾಕು” ಎನ್ನುತ್ತಿದ್ದಳು. ತುಂಬ ಎಂದರೆ ಬಟ್ಟಲು ತುಂಬುವ ಹಾಗೆ, ಇನ್ನೊಂದು ಹನಿ ಬಿದ್ದರೆ ಚೆಲ್ಲುವ ಹಾಗೆ. ಸೊಸೆ ಕೈ ಬಿಗಿಹಿಡಿದು ಅಂಚಿನಲ್ಲಿ ಜಾಗ ಬಿಟ್ಟರೆ ಮುದುಕಿ ಬಟ್ಟಲೊಳಗೆ ಬೆರಳಿಟ್ಟು ತೋರಿಸುತ್ತಿದ್ದಳು. “ಇದು ತುಂಬ ಅಲ್ಲ.” ಆಗ ಆ ಮಾತನ್ನು ಸುಳ್ಳಾಗಿ ಆಡಲು ಬರುತ್ತಿರಲಿಲ್ಲ. ಬೆರಳಿಟ್ಟರೆ ಗೊತ್ತಾಗುತ್ತಿತ್ತು.

ಮುದುಕಿ ಸತ್ತಳು. ಬಟ್ಟಲು ಒಡೆಯಿತು. ಮಾತು ಉಳಿಯಿತು. ಜನ ಅದನ್ನು ಹೊಟ್ಟೆಗೆ ಹಚ್ಚಿದರು, ಹೊಟ್ಟೆ ತುಂಬ ಉಂಡೆವು ಎಂದರು, ಅದು ಸರಿ. ಕಣ್ಣಿಗೆ ಹಚ್ಚಿದರು, ಕಣ್ಣು ತುಂಬ ನೋಡಿದೆವು ಎಂದರು. ಅದೂ ಸರಿಯೇ, ಕಣ್ಣೂ ಒಂದು ಬಟ್ಟಲೇ. ಆಮೇಲೆ ಬಟ್ಟಲಲ್ಲದ್ದಕ್ಕೆಲ್ಲ ಹಚ್ಚಿದರು. ಒಂದು ದಿನ ಸಂತೆಯಲ್ಲಿ ಒಬ್ಬ ತನ್ನ ಚೀಲ ಕೊಡವಿ, “ತುಂಬಾ ಖಾಲಿ” ಎಂದ. ಸುತ್ತ ನಿಂತವರಲ್ಲಿ ಒಬ್ಬನೂ ನಗಲಿಲ್ಲ. ಮಾತು ಸತ್ತಿದ್ದು ಅಂದು. ಸತ್ತದ್ದು ಯಾರಿಗೂ ತಿಳಿಯಲಿಲ್ಲ, ಯಾಕೆಂದರೆ ಎಲ್ಲರ ಬಾಯಲ್ಲೂ ಅದು ಓಡಾಡುತ್ತಲೇ ಇತ್ತು.

ಸತ್ತ ಮಾತಿಗೆ ತೂಕವಿರುವುದಿಲ್ಲ. ಅದಕ್ಕೆ ಅದನ್ನು ಎಳೆಯಬೇಕಾಯಿತು. ‘ತುಂಬ’ ಎಂಬುದು ‘ತುಂಬಾ’ ಆಯಿತು, ‘ತುಂಬಾ’ ಎಂಬುದರ ಬಾಲ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಕೂಲಿಯವನ ಬಾಲ ಮೋಟು. ಅಂಗಡಿಯವನ ಬಾಲ ಅಂಗಡಿಯ ಮೆಟ್ಟಿಲು ದಾಟುತ್ತಿತ್ತು. ಊರ ಹಿರಿಯನದು ಓಣಿಯ ಈ ತುದಿಯಿಂದ ಆ ತುದಿಗೆ ಹರಿಯುತ್ತಿತ್ತು. ಅವನು ಊಟ ತುಂಬಾ ಚೆನ್ನಾಗಿದೆ ಎನ್ನುವಷ್ಟರಲ್ಲಿ ಊಟ ಆರಿಹೋಗುತ್ತಿತ್ತು. ಹೆಣ್ಣು ಕೊಡುವವರು ಹೊಲ ಮನೆ ನೋಡುವ ಮೊದಲು ಹುಡುಗನನ್ನು ಅಂಗಳದಲ್ಲಿ ನಿಲ್ಲಿಸಿ ‘ತುಂಬಾ’ ಹೇಳಿಸುತ್ತಿದ್ದರು. ನಡುವೆ ಕೆಮ್ಮಿದರೆ ಸಂಬಂಧ ಮುರಿಯುತ್ತಿತ್ತು.

ಈ ಎಳೆಯುವ ಕೆಲಸಕ್ಕೆಂದೇ ಊರಿನಲ್ಲಿ ಒಬ್ಬ ಹೊಗಳುಭಟ್ಟನಿದ್ದ. ಅವನ ಎದೆ ಕಮ್ಮಾರನ ತಿದಿಯ ಹಾಗಿತ್ತು. ಹುಟ್ಟಿದ ಮನೆಗೆ, ಮದುವೆಯ ಮನೆಗೆ, ಸತ್ತ ಮನೆಗೆ ಅವನೇ ಹೋಗಬೇಕು. ಸತ್ತ ಮನೆಯಲ್ಲಿ ವಿಧಿ ಹೀಗಿತ್ತು: ಹೊಗಳುಭಟ್ಟ ಹೆಣದ ತಲೆಯ ಬಳಿ ನಿಂತು ಸತ್ತವರ ಗುಣಗಳನ್ನು ಹೇಳುವುದು, ಆಮೇಲೆ ಮನೆಯವರಲ್ಲಿ ಎಲ್ಲರಿಗಿಂತ ಹತ್ತಿರದವರು ಮುಂದೆ ಬಂದು “ತುಂಬಾ ಒಳ್ಳೆಯವರಿದ್ದರು” ಎನ್ನುವುದು, ಜನವೆಲ್ಲ ಅದನ್ನು ಹಿಡಿದು ಎಳೆಯುವುದು. ಆ ಎಳೆತ ಮುಗಿದ ಮೇಲೆಯೇ ಚಟ್ಟಕ್ಕೆ ಹೆಗಲು ಸಿಗುತ್ತಿತ್ತು. ಆ ಮಾತಿಲ್ಲದೆ ಆ ಊರಿನಲ್ಲಿ ಒಂದು ಹೆಣವೂ ಮೇಲೆದ್ದದ್ದಿಲ್ಲ. ಹೆಂಡತಿಯನ್ನು ಬಾವಿಗೆ ನೂಕಿದ ಒಬ್ಬನಿದ್ದ. ನೂಕಿದ್ದು ಊರಿಗೆಲ್ಲ ಗೊತ್ತಿತ್ತು, ಬಾವಿಯ ನೀರನ್ನು ತಿಂಗಳುಗಟ್ಟಲೆ ಯಾರೂ ಕುಡಿದಿರಲಿಲ್ಲ. ಅವನು ಸತ್ತಾಗಲೂ ತುಂಬಾ ಒಳ್ಳೆಯವನೇ ಆದ. ಅವನ ತಮ್ಮ ಶ್ರೀಮಂತನಾದ್ದರಿಂದ ಆ ‘ತುಂಬಾ’ ಬಹಳ ಉದ್ದ ಹೋಯಿತು. ಮರದ ಕಾಗೆಗಳೆಲ್ಲ ಎದ್ದು ಹಾರಿದವು ಎಂದು ಜನ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ.

ಅಂಥ ಊರಿನಲ್ಲಿ ಒಬ್ಬ ಹಾಸಿಗೆಯವನಿದ್ದ. ಹತ್ತಿ ಹಿಂಜಿ, ಬಟ್ಟೆಯ ಚೀಲ ಹೊಲಿದು, ಅದರಲ್ಲಿ ಹತ್ತಿ ತುಂಬಿ ಹಾಸಿಗೆ ಮಾಡುವುದು ಅವನ ಕಸುಬು. ಊರಿನ ಮಕ್ಕಳೆಲ್ಲ ಅವನ ಹಾಸಿಗೆಯ ಮೇಲೇ ಹುಟ್ಟಿದ್ದರು, ಊರಿನವರೆಲ್ಲ ಅವನ ಹಾಸಿಗೆಯ ಮೇಲೇ ಮಲಗುತ್ತಿದ್ದರು. ಅವನಿಗೆ ಹೆಂಡತಿ, ಒಬ್ಬಳೇ ಮಗಳು. ಮಗಳನ್ನು ಅದೇ ಊರಿನ ಅಂಗಡಿಯ ಮನೆಗೆ ಕೊಟ್ಟಿದ್ದರು. ಒಂದು ಬೇಸಿಗೆಯಲ್ಲಿ ಹಾಸಿಗೆಯವನಿಗೆ ಎದೆಯೊಳಗೆ ಕಫ ಕಟ್ಟಿತು. ಹತ್ತಿಯ ಧೂಳು ಎಂದರು. ಕೆಲವು ದಿನ ಮಲಗಿದ್ದು ಒಂದು ಬೆಳಿಗ್ಗೆ ಸತ್ತ.

ಜನ ಸೇರಿದರು. ಚಟ್ಟ ಕಟ್ಟಿದರು. ಹೊಗಳುಭಟ್ಟ ಬಂದು ಪಂಚೆ ಬಿಗಿದು, ಎದೆ ತುಂಬ ಗಾಳಿ ಎಳೆದು, ಹಾಸಿಗೆಯವನು ತುಂಬಾ ಉದಾರಿ, ತುಂಬಾ ಶೂರ, ತುಂಬಾ ಸುಂದರ ಎಂದ. ಹಾಸಿಗೆಯವನು ಕುಳ್ಳಗಿದ್ದ, ಹಲ್ಲಿಗೆ ಹೆದರುತ್ತಿದ್ದ. ಜನ ತಲೆದೂಗಿದರು. ಆಮೇಲೆ ಹೊಗಳುಭಟ್ಟ ಹೆಂಡತಿಯ ಕಡೆ ತಿರುಗಿದ.

“ಹೇಳಿ ತಾಯಿ.”

ಅವಳು ಗಂಡನ ಮುಖ ನೋಡಿದಳು. “ಒಳ್ಳೆಯವರಿದ್ದರು,” ಎಂದಳು.

ಎಳೆಯಲೆಂದು ಬಾಯಿ ತೆರೆದಿದ್ದ ಜನ ಹಾಗೇ ನಿಂತರು. ತೆರೆದ ಬಾಯಿಗೆ ಹಾಕಲು ಏನೂ ಸಿಕ್ಕಿರಲಿಲ್ಲ.

“ದುಃಖಕ್ಕೆ ಗಂಟಲು ಕಟ್ಟಿದೆ,” ಎಂದ ಹೊಗಳುಭಟ್ಟ. “ಮುಂದೆ ನಡೆಯೋ ಮಾತು ಒಳಗೇ ಉಳೀತು. ಯಾರಾದರೂ ನೀರು ಕೊಡ್ರಪ್ಪ.”

ನೀರು ಕೊಟ್ಟರು. ಅವಳು ಕುಡಿದಳು. ಲೋಟ ಕೆಳಗಿಟ್ಟಳು. “ಒಳ್ಳೆಯವರಿದ್ದರು,” ಎಂದಳು.

“ಎಷ್ಟು ಒಳ್ಳೆಯವರು, ತಾಯಿ?”

“ಒಳ್ಳೆಯವರು ಇರೋವಷ್ಟು.”

“ಅಂದ್ರೆ ಬರೀ ಒಳ್ಳೆಯವರಾ?” ಎಂದು ನೆರೆಮನೆಯವಳು ಎದೆಗೆ ಕೈಯಿಟ್ಟುಕೊಂಡಳು.

“ಹೂಂ. ಬರೀ ಒಳ್ಳೆಯವರು.”

ಅಂಗಳದಲ್ಲಿ ಗುಸುಗುಸು ಎದ್ದಿತು. ಹೆಗಲು ಕೊಡಲು ನಿಂತವರು ಒಬ್ಬರ ಮುಖ ಒಬ್ಬರು ನೋಡಿ, ಹೆಗಲ ಮೇಲಿನ ಟವಲು ತೆಗೆದು ಕೊಡವಿ, ಮನೆಗೆ ಹೋದರು. ಚಟ್ಟ ನೆಲದ ಮೇಲೇ ಉಳಿಯಿತು.

ಆ ಊರಿನ ಭಾಷೆಯಲ್ಲಿ ಬರೀ ಒಳ್ಳೆಯವನು ಎಂದರೆ ಕೆಟ್ಟವನು ಎಂದೇ ಅರ್ಥ. ಹಾಗಾಗಿ ಊರು ಕೆಟ್ಟದ್ದನ್ನು ಹುಡುಕತೊಡಗಿತು, ಹುಡುಕಿದ್ದು ಸಿಗತೊಡಗಿತು. ಮಧ್ಯಾಹ್ನದ ಹೊತ್ತಿಗೆ ಹಾಸಿಗೆಯವನು ಹೆಂಡತಿಯನ್ನು ಹೊಡೆಯುತ್ತಿದ್ದ. ಇಳಿಹೊತ್ತಿಗೆ ಅವನಿಗೆ ಹೊಳೆಯಾಚೆ ಇನ್ನೊಬ್ಬಳಿದ್ದಳು. ದೀಪ ಹಚ್ಚುವ ಹೊತ್ತಿಗೆ ಅವನ ಹಾಸಿಗೆಯಲ್ಲಿ ಮಲಗಿದ ಎಲ್ಲರಿಗೂ ಬೆನ್ನುನೋವು ಶುರುವಾಗಿತ್ತು, ತುಂಬಾ ಬೆನ್ನುನೋವು, ಎಷ್ಟೋ ವರ್ಷಗಳಿಂದ ಇದ್ದದ್ದು. ಆದರೂ ಹಾಸಿಗೆಯನ್ನು ಯಾರೂ ಹೊರಗೆ ಎಸೆಯಲಿಲ್ಲ. ಅದರ ಮೇಲೇ ಮಲಗಿ ಬೈದರು.

ಮರುದಿನ ಬೆಳಿಗ್ಗೆ ಊರ ಹಿರಿಯ ಸಭೆ ಕರೆದ. ಹಾಸಿಗೆಯವನ ಅಂಗಳದಲ್ಲೇ, ಚಟ್ಟದ ಈಚೆಗೆ, ಚಾಪೆ ಹಾಸಿದರು. ಊರಿನಲ್ಲಿ ಮಾತಿನ ಪಂಡಿತರು ಇದ್ದರು. ಅವರು ಬಂದು ಕೂತರು. ಈ ಹೆಂಗಸಿಗೆ ಆ ಮಾತಿನ ಮಹಿಮೆ ಗೊತ್ತಿಲ್ಲ, ಅದರ ಮೂಲವನ್ನು ವಿವರಿಸಿ ಹೇಳಿದರೆ ತಾನೇ ದಾರಿಗೆ ಬರುತ್ತಾಳೆ ಎಂದು ಹಿರಿಯನ ಲೆಕ್ಕ.

ಮೊದಲ ಪಂಡಿತ ಹೇಳಿದ, “ದೇವಲೋಕದಲ್ಲಿ ತುಂಬುರು ಅಂತ ಒಬ್ಬ ಗಂಧರ್ವ. ತುಂಬಾ ದೊಡ್ಡ ಗಾಯಕ. ಅವನು ದೇವರನ್ನು ಹೊಗಳುವಾಗ ತೆಗೆದ ಮೊದಲ ಸ್ವರ ಭೂಮಿಗೆ ಬಿತ್ತು. ಅದೇ ನಮ್ಮ ತುಂಬಾ. ಅದಕ್ಕೇ ಅದನ್ನು ರಾಗವಾಗಿ ಎಳೀಬೇಕು.”

“ತಪ್ಪು,” ಎಂದ ಎರಡನೆಯವನು. “ತುಂಬಿ ಅಂದ್ರೆ ದುಂಬಿ. ದುಂಬಿ ಹೂವಿನ ಸುತ್ತ ಝೇಂಕರಿಸೋ ಹಾಗೆ ತುಂಬಾ ಅನ್ನೋದು ಗುಣದ ಸುತ್ತ ಝೇಂಕರಿಸುತ್ತೆ. ಇದು ತುಂಬಾ ಸ್ಪಷ್ಟ.”

“ತುಂಬಾ ಅಸ್ಪಷ್ಟ!” ಎಂದು ಮೂರನೆಯವನು ಎದ್ದ. “ತುಂಬೆ ಹೂವು ಶಿವನಿಗೆ ಪ್ರಿಯ. ಮಾತಿನ ತಲೆಗೆ ತುಂಬೆ ಮುಡಿಸೋದೇ ತುಂಬಾ. ತುಂಬೆ ಇಲ್ಲದ ಲಿಂಗ ಹೇಗೋ ತುಂಬಾ ಇಲ್ಲದ ಮಾತು ಹಾಗೆ.”

ಅವರು ಹೀಗೆ ಕಾದಾಡುತ್ತಿದ್ದಾಗ ಹಾಸಿಗೆಯವನ ಹೆಂಡತಿ ಹೆಣದ ಮೈ ಒರೆಸಲು ಹಿತ್ತಲಲ್ಲಿ ನೀರು ಸೇದುತ್ತಿದ್ದಳು. “ಕೊಡ ತುಂಬಿತು, ಹಿಡ್ಕೊಳ್ಳೆ,” ಎಂದು ಮಗಳನ್ನು ಕೂಗಿದ್ದು ಅಂಗಳದ ತನಕ ಕೇಳಿಸಿತು. ಪಂಡಿತರು ಒಂದು ಗಳಿಗೆ ಮಾತು ನಿಲ್ಲಿಸಿ, ಹೆಂಗಸರ ಗದ್ದಲಕ್ಕೆ ಮುಖ ಸಿಂಡರಿಸಿ, ಮತ್ತೆ ಗಂಧರ್ವನನ್ನು ಹಿಡಿದುಕೊಂಡರು.

ಅವಳು ಬಂದು ಒದ್ದೆ ಬಟ್ಟೆಯಿಂದ ಗಂಡನ ಹಣೆ ಒರೆಸಿದಳು, ನೊಣ ಓಡಿಸಿದಳು. ಹಿರಿಯ ಕೇಳಿದ:

“ಕೇಳಿದೆಯಲ್ಲಮ್ಮ. ಇಷ್ಟು ದೊಡ್ಡ ಮಾತು ಅದು. ನಿನ್ನ ಗಂಡನಿಗೆ ಅದನ್ನ ಕೊಡೋಕೆ ನಿನಗೇನು ಕಷ್ಟ?”

“ಬಾವಿಗೆ ನೂಕಿದವನಿಗೂ ಕೊಟ್ರಲ್ಲ, ಸ್ವಾಮಿ.”

“ಕೊಟ್ವಿ. ಯಾರಿಗೂ ಇಲ್ಲ ಅನ್ನಲ್ಲ ನಾವು. ಅದು ನಮ್ಮ ಔದಾರ್ಯ.”

“ಅವನ ತಲೆಗೆ ಸುತ್ತಿದ ಬಟ್ಟೆ ನಮ್ಮವರಿಗೆ ಬೇಡ.”

ಬಾವಿಗೆ ನೂಕಿದವನ ತಮ್ಮ ಸಭೆಯಲ್ಲೇ ಇದ್ದ. ಅವನು ಎದ್ದು ಹೋದ, ಅವನ ಹಿಂದೆ ಇನ್ನಷ್ಟು ಜನ ಎದ್ದು ಹೋದರು. ಹಿರಿಯ ಹೇಳಿದ, “ಹಾಗಾದ್ರೆ ಹೆಣ ಇಲ್ಲೇ ಇರ್ಲಿ.” ಹೆಣ ಅಲ್ಲೇ ಇತ್ತು.

ಎಲ್ಲರೂ ಹೋದ ಮೇಲೆ ಮಗಳು ತಾಯಿಯ ಪಕ್ಕದಲ್ಲಿ ಕುಕ್ಕರಿಸಿದಳು. ಅತ್ತು ಅತ್ತು ಅವಳ ಮುಖ ಬಾತಿತ್ತು. ಬೆಳಿಗ್ಗೆ ಅಂಗಡಿಯ ಮನೆಯಿಂದ ಅತ್ತೆ ಹೇಳಿ ಕಳಿಸಿದ್ದಳು: ಬರೀ ಒಳ್ಳೆಯವನ ಮಗಳು ನಮ್ಮ ಒಲೆ ಮುಟ್ಟುವುದು ಬೇಡ.

“ಅಮ್ಮಾ, ಒಂದೇ ಒಂದು ಮಾತು. ಹೇಳಿಬಿಡೇ.”

ತಾಯಿ ನೊಣ ಓಡಿಸುತ್ತಲೇ ಇದ್ದಳು.

“ಎಲ್ಲರೂ ಹೇಳ್ತಾರೆ. ಯಾರೂ ಅದನ್ನ ಮನಸ್ಸಿಟ್ಟು ಹೇಳಲ್ಲ, ಕೇಳೋರೂ ಮನಸ್ಸಿಟ್ಟು ಕೇಳಲ್ಲ. ಅದಕ್ಕೆ ಅರ್ಥಾನೇ ಇಲ್ವಲ್ಲ!”

“ಅರ್ಥ ಇಲ್ದೇ ಇರೋದಕ್ಕೇ ಹೇಳ್ತಿಲ್ಲ.”

“ನಿಂಗೆ ಹಟ. ಅಪ್ಪ ಹೀಗೆ ಬಿಸಿಲಲ್ಲಿ ಬಿದ್ದಿದಾರೆ, ನಿಂಗೆ ನಿನ್ನ ಹಟಾನೇ ದೊಡ್ಡದು. ನನ್ನ ಮನೆ ಹೋಯ್ತು. ಅಪ್ಪನ ಮೇಲೆ ನಿಂಗೆ ಅಷ್ಟೂ ಪ್ರೀತಿ ಇರ್ಲಿಲ್ವಾ?”

ತಾಯಿಯ ಕೈ ನಿಂತಿತು. ನೊಣಗಳು ಬಂದು ಕೂತವು, ಅವಳು ಓಡಿಸಲಿಲ್ಲ. ಸಣ್ಣ ದನಿಯಲ್ಲಿ ಹೇಳಿದಳು.

“ಹೋಗೋಕೆ ಮುಂಚೆ ನಿಮ್ಮಪ್ಪ ನನ್ನ ಕೇಳಿದ್ರು. ‘ನಾನು ಹೇಗಿದ್ದೆ?’ ಅಂದ್ರು. ನಾನು ತಕ್ಷಣ ಹೇಳ್ಲಿಲ್ಲ. ಯೋಚನೆ ಮಾಡ್ದೆ. ಅವರು ನನ್ನ ಮುಖಾನೇ ನೋಡ್ತಾ ಕಾದ್ರು. ನೀನು ಹುಟ್ಟಿದಾಗ ಹೆಣ್ಣು ಅಂತ ಎರಡು ದಿನ ಮಾತಾಡ್ಲಿಲ್ಲ, ಅದು ನೆನಪಾಯ್ತು. ಮೂರನೇ ದಿನ ನಿಂಗೆ ಅಂತ ಹತ್ತಿ ತಾವೇ ಆರಿಸಿ ಆರಿಸಿ ಕಾಳು ತೆಗೆದಿದ್ದು, ಅದೂ ನೆನಪಾಯ್ತು. ನಮ್ಮಮ್ಮ ಬಂದಾಗಲೆಲ್ಲ ಮುಖ ಗಂಟು ಹಾಕ್ತಿದ್ರು. ಆದ್ರೆ ಅವಳು ಹಾಸಿಗೆ ಹಿಡಿದಾಗ ಅವಳನ್ನ ಎತ್ತಿ ಕೂರಿಸ್ತಿದ್ದೋರು ಅವರೇ. ಸಿಟ್ಟು ಬಂದ್ರೆ ತಟ್ಟೆ ತಳ್ಳೋರು. ಆಮೇಲೆ ತಾವೇ ಬಂದು ಅನ್ನ ಬಳಿದು ಎತ್ತೋರು. ಒಂದು ಸಲ ಹಳೇ ಹತ್ತಿ ಹೊಸದರ ಜೊತೆ ಬೆರೆಸಿ ಕೊಟ್ರು. ಆಮೇಲೆ ನಿದ್ದೆ ಬರ್ದೆ ಎದ್ದು ಹೋಗಿ ವಾಪಸ್ ಇಸ್ಕೊಂಡು ಬಂದು ಬಿಚ್ಚಿ ತುಂಬಿದ್ರು. ಎಲ್ಲಾ ಒಟ್ಟಿಗೆ ನೆನಪಾಯ್ತು ಕಣೆ. ನೋಡಿ ನೋಡಿ ಹೇಳ್ದೆ, ‘ಒಳ್ಳೆಯವರು’ ಅಂತ.”

“ಅಪ್ಪ ಏನಂದ್ರು?”

“‘ತುಂಬಾ ಅನ್ಲಿಲ್ಲ ನೀನು’ ಅಂದ್ರು. ‘ಇಲ್ಲ’ ಅಂದೆ. ‘ಹಾಗಾದ್ರೆ ನಿಜ ಇರ್ಬೇಕು’ ಅಂತ ನಕ್ಕು, ಆಕಡೆ ತಿರುಗಿ ಮಲಗಿದ್ರು. ಅಷ್ಟು ನೆಮ್ಮದಿಯಾಗಿ ಅವರು ಮಲಗಿದ್ದು ನಾನು ನೋಡೇ ಇರ್ಲಿಲ್ಲ.”

ಮಗಳು ಅಪ್ಪನ ಮುಖದ ಕಡೆ ನೋಡಿದಳು.

“ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳಲಾ?” ಎಂದಳು ತಾಯಿ. “ಇವರ ಮುಂದೆ ಇನ್ನೊಂದು ಹೇಳಿದ್ರೆ ಆ ಮಾತು ಸುಳ್ಳಾಗುತ್ತೆ.”

ಮಗಳು ಎದ್ದಳು. ಮನೆಯೊಳಗೆ ಹೋಗಿ ಒಂದು ಹಳೆಯ ದುಪ್ಪಟಿ ತಂದು ನಾಲ್ಕು ಗಳು ನೆಟ್ಟು ಹೆಣದ ಮೇಲೆ ನೆರಳು ಕಟ್ಟಿದಳು. ಅಂದು ಅವಳು ಗಂಡನ ಮನೆಗೆ ಹೋಗಲಿಲ್ಲ.

ಬೇಸಿಗೆ ಯಾರ ಔದಾರ್ಯಕ್ಕೂ ಕಾಯುವುದಿಲ್ಲ. ಗಾಳಿ ತಿರುಗಿತು. ಊರ ಹಿರಿಯನ ಮನೆ ಹಾಸಿಗೆಯವನ ಮನೆಗೆ ಎದುರೇ ಇತ್ತು, ಹಿರಿಯನ ಮಗನಿಗೆ ಹೆಣ್ಣು ಕೊಡುವವರು ಮರುದಿನ ಬರುವವರಿದ್ದರು. ತುಂಬಾ ಎಂಬ ಮಾತನ್ನು ಎಷ್ಟು ಎಳೆದರೂ ಮುಚ್ಚಲಾಗದ ವಾಸನೆ ಓಣಿಯನ್ನು ತುಂಬಿತು. ಈ ಒಂದು ಸಲ ಆ ಮಾತು ತನ್ನ ಹಳೆಯ ಅರ್ಥದಲ್ಲೇ ನಡೆಯಿತೆನ್ನಬೇಕು. ಹಿರಿಯ ಮೂಗಿಗೆ ಬಟ್ಟೆ ಹಿಡಿದು ಹೊಗಳುಭಟ್ಟನನ್ನು ಕರೆಸಿದ.

“ಏನಾದ್ರೂ ಮಾಡು.”

“ಕಟ್ಟಳೆ ಮುರಿಯೋದಾ, ಧಣಿ?”

“ಕಟ್ಟಳೆ ಮುರೀಬಾರದು. ಹೆಣ ಏಳಬೇಕು. ಅದಕ್ಕೇ ನಿನ್ನ ಸಾಕಿರೋದು.”

ಹೊಗಳುಭಟ್ಟ ದಡ್ಡನಲ್ಲ. ಊಟದ ಹೊತ್ತಿನವರೆಗೂ ಯೋಚಿಸಿದ. ಆಮೇಲೆ ಊರನ್ನೆಲ್ಲ ಮತ್ತೆ ಅಂಗಳಕ್ಕೆ ಸೇರಿಸಿ, ಕಲ್ಲಿನ ಮೇಲೆ ಹತ್ತಿ ನಿಂತ. ಮೊದಲ ಸಲ ಅವನು ದನಿ ತಗ್ಗಿಸಿ ಮಾತಾಡಿದ.

“ನಾವು ಪಾಪಿಗಳು. ಆ ತಾಯಿ ಹೇಳಿದ್ದು ನಮಗೆ ಕೇಳಿಸಲಿಲ್ಲ. ‘ಒಳ್ಳೆಯವರಿದ್ದರು’ ಅನ್ನೋಕೆ ಮುಂಚೆ ಒಂದು ಕ್ಷಣ ಸುಮ್ಮನಿದ್ದರು, ನೀವೆಲ್ಲ ನೋಡಿದ್ರಿ. ಗಂಡನ ಮುಖ ನೋಡಿದ್ರು. ಆ ಸುಮ್ಮನೇ ಇದ್ದದ್ದು ಏನು? ಅದೇ ತುಂಬಾ! ಎಷ್ಟು ಉದ್ದ, ಎಷ್ಟು ಆಳ ಅಂದ್ರೆ ಮನುಷ್ಯರ ಕಿವಿಯನ್ನು ದಾಟಿ ಹೋಯ್ತು. ಬಾಯಿಂದ ಹೇಳೋ ತುಂಬಾ ಉಸಿರಿದ್ದಷ್ಟು. ಇವರದ್ದು ಉಸಿರೇ ಇಲ್ಲದ ತುಂಬಾ. ನಮ್ಮೂರಲ್ಲಿ ಇಂಥದ್ದು ಹುಟ್ಟಿರಲಿಲ್ಲ.”

ಜನ ಒಂದು ಗಳಿಗೆ ಕಣ್ಣು ಪಿಳಿಪಿಳಿ ಬಿಟ್ಟರು. ನೆರೆಮನೆಯವಳು ಮೊದಲು ಅತ್ತಳು. ಅವಳನ್ನು ನೋಡಿ ಉಳಿದವರಿಗೆ ಅಳು ಬಂತು. ನಿನ್ನೆ ಬೆನ್ನುನೋವಿನಿಂದ ನರಳಿದವರು ಹಾಸಿಗೆಯವನ ಕಾಲಿಗೆ ಬಿದ್ದರು. ಅಂಗಡಿಯ ಮನೆಯ ಅತ್ತೆ ಓಡಿ ಬಂದು ಸೊಸೆಯನ್ನು ಅಪ್ಪಿಕೊಂಡು, “ತುಂಬಾ…” ಎಂದು ಶುರುಮಾಡಿ, ನಾಲಿಗೆ ಕಚ್ಚಿಕೊಂಡು, ಸುಮ್ಮನಾಗಿ, “ಒಳ್ಳೆಯವರು!” ಎಂದಳು.

“ನಾನು ಹಾಗೆ ಹೇಳ್ಲಿಲ್ಲ,” ಎಂದಳು ಹಾಸಿಗೆಯವನ ಹೆಂಡತಿ. “ನಾನು ಬರೀ ನೋಡ್ದೆ. ಬರೀ ಒಳ್ಳೆಯವರು ಅಂದೆ.”

ಅಳುವಿನ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಮಗಳಿಗೊಬ್ಬಳಿಗೆ ಕೇಳಿಸಿತು. ಅವಳು ಅತ್ತೆಯ ತೋಳು ಬಿಡಿಸಿಕೊಂಡು ಬಂದು ತಾಯಿಯ ಪಕ್ಕ ನಿಂತಳು. ಹೆಗಲು ಕೊಡಲು ಜನ ಒಬ್ಬರನ್ನೊಬ್ಬರು ನೂಕಾಡಿದರು, ನೂಕಾಟದಲ್ಲಿ ಚಟ್ಟ ವಾಲಿತು, ಹೆಣ ಬೀಳುವುದರಲ್ಲಿತ್ತು. ಅಂತೂ ಹಾಸಿಗೆಯವನು ಮಣ್ಣಿಗೆ ಹೋದ. ಹಿರಿಯನ ಮನೆಯವರು ಓಣಿಗೆ ಪನ್ನೀರು ಚಿಮುಕಿಸಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಊರು ಯಾವುದನ್ನೂ ಮುಗಿಯಲು ಬಿಟ್ಟದ್ದಿಲ್ಲ.

ಮರುದಿನದಿಂದ ಸುಮ್ಮನಿರುವುದು ಶುರುವಾಯಿತು. ಹಾಲು… ಬೆಳ್ಳಗಿತ್ತು. ಬಿಸಿಲು… ಚುರುಕಾಗಿತ್ತು. ದೊಡ್ಡವರು ಗುಣದ ಮಾತಿನ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಹಿರಿಯ ನಿಂತರೆ ಎದುರಿನವರಿಗೆ ಕಾಲು ಜೋಮು ಹಿಡಿಯುತ್ತಿತ್ತು. ‘ತುಂಬಾ’ ಎನ್ನುವುದು ಈಗ ಕೂಲಿಯವರಿಗೆ ಬಿಟ್ಟದ್ದಾಯಿತು. ಹೆಣ್ಣು ಕೊಡುವವರು ಹುಡುಗನನ್ನು ಅಂಗಳದಲ್ಲಿ ನಿಲ್ಲಿಸಿ ಸುಮ್ಮನಿರಿಸಿ ನೋಡುತ್ತಿದ್ದರು. ಒಬ್ಬ ವರ ಹಾಗೇ ನಿದ್ದೆ ಹೋದ. ಅಂಥ ಆಳದವನು ಇನ್ನೆಲ್ಲಿ ಸಿಗುತ್ತಾನೆ ಎಂದು ಅವನಿಗೇ ಹೆಣ್ಣು ಕೊಟ್ಟರು. ಪಂಡಿತರು ಮೌನಕ್ಕೂ ಮೂಲ ಹುಡುಕಿದರು. ಗಂಧರ್ವ ಹಾಡುವ ಮೊದಲು ಉಸಿರು ಎಳೆದುಕೊಂಡನಂತೆ.

ಬಾವಿಗೆ ನೂಕಿದವನ ತಮ್ಮ ಅಣ್ಣನ ಹೆಸರಿನಲ್ಲಿ ಹೊಸದಾಗಿ ವಿಧಿ ಮಾಡಿಸಿದ. ಹಳೆಯ ‘ತುಂಬಾ’ ಈಗ ಸಾಲದು ಎಂದು ಅವನ ದುಃಖ. ಊರೆಲ್ಲ ಬಾವಿಕಟ್ಟೆಯ ಸುತ್ತ ನಿಂತು ಉಸಿರು ಹಿಡಿದು, ಅವನನ್ನು ಒಳ್ಳೆಯವನು ಎಂದಿತು.

ಹಾಸಿಗೆಯವನ ಹೆಂಡತಿಯ ಬಾಗಿಲಿಗೆ ಜನ ಬರತೊಡಗಿದರು. ಮಗುವಿನ ತಲೆ ಮುಂದೆ ಒಡ್ಡಿ, “ಇದನ್ನ ಒಳ್ಳೇದು ಅನ್ನಿ ತಾಯಿ,” ಎಂದು ಬೇಡಿದರು. ಹೂವು ತಂದರು, ಹಣ್ಣು ತಂದರು. ಅವಳು ಬಾಗಿಲು ಹಾಕಿಕೊಂಡಳು. ಬಾಗಿಲಿಗೇ ಕುಂಕುಮ ಹಚ್ಚಿ ಹೋದರು. ಒಂದು ಮಧ್ಯಾಹ್ನ ಹೊಗಳುಭಟ್ಟ ಬಂದು ಬಾಗಿಲು ಬಡಿಯುತ್ತಲೇ ಇದ್ದ, ತೆರೆಯುವ ತನಕ ಬಿಡಲಿಲ್ಲ.

“ತಾಯಿ, ಹಿರಿಯರ ಮನೆಯಲ್ಲಿ ಮದುವೆ. ನೀವು ಬಂದು ಒಂದೇ ಒಂದು ಸಲ ಸುಮ್ಮನಿದ್ದು, ಆಮೇಲೆ ‘ದೊಡ್ಡವರು’ ಅನ್ನಬೇಕು. ಅಷ್ಟೇ. ಮುಂದೆ ಇದೇ ಕೆಲಸ ನಿಮಗೇ ಮಾಡಿಸಿಕೊಡ್ತೀನಿ. ನನ್ನ ಎದೆಯಲ್ಲಿ ಉಸಿರು ಇನ್ನೆಷ್ಟು ದಿನ ಇರುತ್ತೆ?”

ಅವಳು ಅವನನ್ನು ಕಾಲಿಂದ ತಲೆಯವರೆಗೆ ನೋಡಿದಳು. ಅವಸರ ಮಾಡಲಿಲ್ಲ.

“ನೀವು ಸಣ್ಣ ಮನುಷ್ಯರು,” ಎಂದಳು.

ಹೊಗಳುಭಟ್ಟನ ಕಣ್ಣಲ್ಲಿ ನೀರು ಬಂತು. ಎರಡೂ ಕೈ ಮುಗಿದ. ಓಣಿಗೆ ಓಡಿ ಹೋಗಿ ಸಿಕ್ಕವರಿಗೆಲ್ಲ ಹೇಳಿದ: ತಾಯಿ ತನ್ನನ್ನು ನೋಡಿ, ಎಷ್ಟು ಹೊತ್ತು ಸುಮ್ಮನಿದ್ದರು ಗೊತ್ತೇ, ಆಮೇಲೆ ಸಣ್ಣವನು ಎಂದರು. ಕೇಳಿದವರಿಗೆ ಹೊಟ್ಟೆ ಉರಿಯಿತು. ವಾರ ಕಳೆಯುವುದರೊಳಗೆ ಊರಿನಲ್ಲಿ ಎಲ್ಲರೂ ಸಣ್ಣ ಮನುಷ್ಯರಾಗಲು ಹೊರಟರು, ಅದಕ್ಕೆ ಅವರು ಹೆಚ್ಚು ದೂರ ಹೋಗಬೇಕಿರಲಿಲ್ಲ.

ಹೊಗಳುಭಟ್ಟ ಓಡಿದ ಮೇಲೆ ಅವಳು ಬಾಗಿಲು ಹಾಕಿ ಒಳಗೆ ಬಂದಳು. ಮಗಳು ಅಡುಗೆಮನೆಯಲ್ಲಿ ಕೂತಿದ್ದಳು. ಅಂಗಡಿಯ ಮನೆಯವರು ಈಗ ಅವಳನ್ನು ಹೋದಲ್ಲಿ ಬಂದಲ್ಲಿ ಹೊಗಳುತ್ತಿದ್ದರು. ಆ ಹೊಗಳಿಕೆ ತಡೆಯಲಾರದೆ ಅವಳು ಆಗಾಗ ಹೊತ್ತಿಲ್ಲದ ಹೊತ್ತಿನಲ್ಲಿ ತವರಿಗೆ ಬರುತ್ತಿದ್ದಳು. ಇಬ್ಬರಿಗೂ ಅಪ್ಪನ ಬಗ್ಗೆ ಮಾತು ಬರುತ್ತಿರಲಿಲ್ಲ. ಬಂದ ಮಾತನ್ನೆಲ್ಲ ಊರು ಎತ್ತಿಕೊಂಡು ಹೋಗಿತ್ತು. ಮಣ್ಣಿಗೆ ಇಟ್ಟ ದಿನದಿಂದ ತಾಯಿ ಅತ್ತಿರಲಿಲ್ಲ. ಅತ್ತರೆ ಅದನ್ನೂ ಕಲಿತುಕೊಂಡಾರು ಎಂದು ಹೆದರಿದ್ದಳೋ ಏನೋ.

ಅವಳು ಮಗಳ ತಟ್ಟೆಗೆ ಮುದ್ದೆ ಇಟ್ಟು ಸಾರು ಹಾಕಿದಳು. ಮಗಳು ಮುರಿದು, ಅದ್ದಿ, ನುಂಗಿದಳು.

“ಹೇಗಿದೆ?” ಎಂದಳು ತಾಯಿ. ಕೇಳಿದ ಮೇಲೆ ಅವಳಿಗೇ ಭಯವಾಯಿತು. ಮಗಳು ಕಣ್ಣು ಮುಚ್ಚುತ್ತಾಳೇನೋ, ಸುಮ್ಮನಾಗುತ್ತಾಳೇನೋ ಎಂದು ಅವಳ ಮುಖವನ್ನೇ ನೋಡಿದಳು.

“ಉಪ್ಪು ಕಡಿಮೆ,” ಎಂದಳು ಮಗಳು, ಬಾಯಲ್ಲಿ ತುತ್ತು ಇಟ್ಟುಕೊಂಡೇ.

ತಾಯಿ ಸೌಟು ಹಿಡಿದು ಹಾಗೇ ಕೂತಳು. ಮೊದಲು ನಗು ಬಂತು. ನಗುತ್ತಾ ಸೆರಗು ಬಾಯಿಗೆ ಒತ್ತಿಕೊಂಡಳು, ಒತ್ತಿಕೊಂಡದ್ದು ಅಳುವಾಯಿತು. ಮಗಳು ಎಂಜಲು ಕೈಯಲ್ಲೇ ಹತ್ತಿರ ಸರಿದು ಕೂತಳು. ಅಳು ಮುಗಿದ ಮೇಲೆ ತಾಯಿ ಮೂಗು ಒರೆಸಿಕೊಂಡು, ಬೆರಳಲ್ಲಿ ಸಾರು ಮುಟ್ಟಿ ನಾಲಿಗೆಗೆ ಇಟ್ಟುಕೊಂಡಳು.

“ಹೌದಲ್ಲೇ,” ಎಂದು ಉಪ್ಪು ತರಲು ಎದ್ದಳು.